ಕಷ್ಟದ ಪ್ರಶ್ನೆ ಕೇಳಿದ್ರೆ ಎಂತ ಹೇಳ್ಬೇಕು ಸರ್?

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ರಥಬೀದಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. "ಮಗಳಿಗೆ ಮುಂದಿನ ವಾರ ಇಂಟರ್ವ್ಯೂ ಉಂಟು. ಕಷ್ಟದ ಪ್ರಶ್ನೆ ಕೇಳಿದ್ರೆ ಎಂತ ಹೇಳ್ಬೇಕು, ಸ್ವಲ್ಪ ಹೇಳಿಕೊಡಿ ಮಾರ್ರೆ." ಕೆಲಸದ ಕೊನೆಯ ಹತ್ತು ವರ್ಷ ನಾನು ಇಂಟರ್ವ್ಯೂ ಪ್ಯಾನೆಲ್‌ಗಳಲ್ಲಿ ಕೂತಿದ್ದೆ. ಹಾಗಾಗಿ ನನ್ನ ಹತ್ತಿರ ಒಂದು ಪಟ್ಟಿ ಇದ್ದೇ ಇರುತ್ತದೆ, ಇಂಥ ಪ್ರಶ್ನೆಗೆ ಇಂಥ ಉತ್ತರ ಅಂತ, ಎಂದು ಎಲ್ಲರ ನಂಬಿಕೆ.

ಅಂಥ ಪಟ್ಟಿ ನನ್ನ ಹತ್ತಿರ ಇಲ್ಲ. ಇದ್ದರೂ ಕೊಡುತ್ತಿರಲಿಲ್ಲ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಉತ್ತರ ಬಾಯಿಪಾಠ ಮಾಡಬೇಡಿ. ನಿಮ್ಮ ಬದುಕಿನಲ್ಲಿ ನಡೆದ, ನೀವೇ ಕೈಯಾರೆ ಮಾಡಿದ ನಾಲ್ಕೈದು ಸಂಗತಿಗಳನ್ನು ಹುಡುಕಿ ಇಟ್ಟುಕೊಳ್ಳಿ. ಯಾವ ಪ್ರಶ್ನೆ ಬಂದರೂ ಅದರಲ್ಲಿ ಒಂದು ಕೈಗೆ ಸಿಗುತ್ತದೆ.

ನಿಂತಲ್ಲಿ ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನದೇ ಕತೆ. 1986ರಲ್ಲಿ ಬೆಂಗಳೂರಿನಲ್ಲಿ ನನ್ನ ಮೊದಲ ಬ್ಯಾಂಕ್ ಇಂಟರ್ವ್ಯೂ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಹೋದೆ. ಅರ್ಜಿಯಲ್ಲಿ ಹವ್ಯಾಸ ಎಂಬ ಕಡೆ 'ಅಂಚೆಚೀಟಿ ಸಂಗ್ರಹ' ಎಂದು ಬರೆದಿದ್ದೆ. ಒಂದು ಗೈಡ್ ಪುಸ್ತಕದಲ್ಲಿ ಅದು ಒಳ್ಳೆಯ ಹವ್ಯಾಸ ಎಂದಿತ್ತು. ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ಲಕೋಟೆಯಲ್ಲಿ ಹತ್ತಿಪ್ಪತ್ತು ಚೀಟಿ. ಪ್ಯಾನೆಲ್‌ನಲ್ಲಿ ಒಬ್ಬರು ಹಿರಿಯರಿದ್ದರು. ತುಂಬ ಪ್ರೀತಿಯಿಂದಲೇ ಕೇಳಿದರು. "ಯಾವ ದೇಶದ ಅಂಚೆಚೀಟಿಯ ಮೇಲೆ ದೇಶದ ಹೆಸರೇ ಇರುವುದಿಲ್ಲ?" ಬ್ರಿಟನ್ ಎಂಬುದು ಚೀಟಿ ಕೂಡಿಹಾಕುವ ಚಿಕ್ಕ ಹುಡುಗನಿಗೂ ಗೊತ್ತಿರುವ ಸಂಗತಿ. ನನಗೆ ಗೊತ್ತಿರಲಿಲ್ಲ. ಆಮೇಲೆ ಅವರು ಕೇಳಿದ ಎಲ್ಲ ಪ್ರಶ್ನೆಗಳಲ್ಲೂ ಒಂದು ಅನುಮಾನ ಕೂತುಬಿಟ್ಟಿತ್ತು. ನಾನು ನಿಜ ಹೇಳಿದರೂ ಅವರು ಪೂರ್ತಿ ನಂಬಲಿಲ್ಲ.

ಈಗಲೂ ನನಗೆ ಬೇಜಾರಾಗುವುದು ಕೆಲಸ ಸಿಗಲಿಲ್ಲ ಎಂದಲ್ಲ. ಆ ವಯಸ್ಸಿನಲ್ಲಿ ನಾನು ವರ್ಷಕ್ಕೆ ಮೂವತ್ತು ನಲವತ್ತು ಯಕ್ಷಗಾನ ಆಟ ನೋಡುತ್ತಿದ್ದೆ. ಗದ್ದೆಯಲ್ಲಿ ಚಾಪೆ ಹಾಸಿ, ಬೆಳಗಿನವರೆಗೆ. ತೆಂಕು ಬಡಗು ಎರಡೂ ತಿಟ್ಟಿನದು, ಅಂದರೆ ದಕ್ಷಿಣದ ಶೈಲಿ, ಉತ್ತರದ ಶೈಲಿ ಎರಡೂ. ದೂರದಿಂದ ಚೆಂಡೆ ಕೇಳಿದರೆ ಯಾವ ತಿಟ್ಟು ಎಂದು ಹೇಳುತ್ತಿದ್ದೆ. ಬಡಗಿನ ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟುವುದನ್ನು ವೇಷ ಹಾಕುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ನೋಡಿದ್ದೆ. ಅರ್ಜಿಯಲ್ಲಿ ಅದನ್ನು ಬರೆದಿದ್ದರೆ ಆ ಹಿರಿಯರು ಏನು ಕೇಳಿದರೂ ನನ್ನ ಬಾಯಿ ಕಟ್ಟುತ್ತಿರಲಿಲ್ಲ. ಆದರೆ ಅದು ಹೇಳುವಂಥದ್ದು ಎಂದು ನನಗೆ ಅನಿಸಿಯೇ ಇರಲಿಲ್ಲ. ಅದು ಸುಮ್ನೆ ನಮ್ಮೂರಿನ ಆಟ ಅಲ್ವಾ, ಅದನ್ನೇನು ಇಂಟರ್ವ್ಯೂನಲ್ಲಿ ಹೇಳುವುದು ಎಂಬ ಭಾವನೆ.

ನಮ್ಮ ಕರಾವಳಿಯ ಮಕ್ಕಳಲ್ಲಿ ಇದೇ ಭಾವನೆಯನ್ನು ಮುಂದೆ ನೂರಾರು ಸಲ ನೋಡಿದೆ. ಮಾಡಿದ ಕೆಲಸವನ್ನು ಕೆಲಸ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಬ್ಬಳ ಕತೆ ಹೇಳುತ್ತೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾಳೆ.

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯ ಜಗಲಿಗೆ ಭಾನುವಾರಗಳಲ್ಲಿ ನಾಲ್ಕೈದು ಮಕ್ಕಳು ಬರುತ್ತಾರೆ. ಎದುರುಬದುರು ಕೂತು ಇಂಟರ್ವ್ಯೂ ಅಭ್ಯಾಸ ಮಾಡುತ್ತೇವೆ. ಜುಲೈ ತಿಂಗಳ ಒಂದು ಭಾನುವಾರ ಈ ಹುಡುಗಿ ಬಂದಳು. ಜೋರು ಮಳೆ. ಹಂಚಿನಿಂದ ನೀರು ಬೀಳುವ ಸದ್ದಿಗೆ ಅವಳ ಮಾತು ಕೇಳುತ್ತಿರಲಿಲ್ಲ, ಅಷ್ಟು ಮೆಲ್ಲಗೆ ಮಾತಾಡುತ್ತಿದ್ದಳು. ಬಿ.ಕಾಂ. ಮುಗಿದು ಎರಡು ವರ್ಷ ಆಗಿತ್ತು. ಸರ್ಕಾರಿ ಬ್ಯಾಂಕುಗಳ ಅಧಿಕಾರಿ ಹುದ್ದೆಗೆ ನಡೆಯುವ ಐಬಿಪಿಎಸ್ ಪಿಒ ಪರೀಕ್ಷೆಗೆ ಓದುತ್ತಿದ್ದಳು. ಅವಳ ಬಯೋಡೇಟಾದಲ್ಲಿ ಆ ಎರಡು ವರ್ಷ ಖಾಲಿ. ಯಾರೇ ಆದರೂ ಮೊದಲು ಕೇಳುವುದು ಅದನ್ನೇ. ನಾನೂ ಕೇಳಿದೆ.

"ಡಿಗ್ರಿ ಆದ ಮೇಲೆ ಎರಡು ವರ್ಷ ಏನು ಮಾಡಿದ್ರಿ?"

"ಮನೆಯಲ್ಲಿದ್ದೆ ಸರ್. ಎಂತದ್ದೂ ಮಾಡ್ಲಿಲ್ಲ."

ತಲೆ ತಗ್ಗಿಸಿದಳು. ನಾನು ಬಿಡಲಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದೆ, ಎದ್ದು ಏನು ಮಾಡುತ್ತಿದ್ದೆ ಎಂದು ಕೇಳಿದೆ. ಅಪ್ಪನಿಗೆ ಲಕ್ವ ಹೊಡೆದಿತ್ತಂತೆ. ಅವರ ಆರೈಕೆ. ಅಪ್ಪ ಮೊದಲು ಮಲ್ಪೆಯ ಮೀನುಗಾರಿಕೆ ಬಂದರಿನಲ್ಲಿ ಮಾವನ ಬೋಟಿನ ಲೆಕ್ಕ ಬರೆಯುತ್ತಿದ್ದರಂತೆ. ಅವರು ಹಾಸಿಗೆ ಹಿಡಿದ ಮೇಲೆ ಲೆಕ್ಕ ಯಾರು ಬರೆದರು ಎಂದು ಕೇಳಿದೆ. "ಅದು ನಾನೇ ಬರೀತಿದ್ದೆ ಸರ್" ಎಂದಳು, ಅದೊಂದು ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ.

ಬೋಟಿನ ಲೆಕ್ಕ ಅಂದರೆ ಏನು ಎಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಟ್ರಾಲ್ ಬೋಟು ಒಮ್ಮೆ ಕಡಲಿಗೆ ಹೋದರೆ ಎಂಟು ಹತ್ತು ದಿನ ಬಿಟ್ಟು ಬರುತ್ತದೆ. ಬಂದ ದಿನ ನಸುಕಿನಲ್ಲೇ ಏಲಂ. ಯಾವ ಮೀನು ಎಷ್ಟಕ್ಕೆ ಹೋಯಿತು ಎಂಬ ಚೀಟಿಗಳು ಒಂದೊಂದಾಗಿ ಕೈಗೆ ಬರುತ್ತವೆ. ಅದರಲ್ಲಿ ಡೀಸೆಲ್ ಕಳೆಯಬೇಕು, ಐಸ್ ಕಳೆಯಬೇಕು, ರೇಶನ್ ಕಳೆಯಬೇಕು. ಉಳಿದದ್ದರಲ್ಲಿ ಬೋಟಿನ ಪಾಲು, ಬೋಟು ನಡೆಸುವ ತಾಂಡೇಲನ ಪಾಲು, ಉಳಿದ ಕೆಲಸದವರ ಪಾಲು. ಯಾರು ಮುಂಗಡ ಎಷ್ಟು ತೆಗೆದಿದ್ದಾರೆ ಎಂಬುದು ಬೇರೆ ಪುಟ. ಪಾಲು ಹಂಚುವಾಗ ಹತ್ತು ಜನ ಸುತ್ತ ನಿಂತಿರುತ್ತಾರೆ. ನೂರು ರೂಪಾಯಿ ತಪ್ಪಿದರೂ ಅಲ್ಲೇ ಮಾತು ಏರುತ್ತದೆ.

ಇಪ್ಪತ್ತೆರಡು ವರ್ಷದ ಹುಡುಗಿ ಇದನ್ನು ಎರಡು ಸೀಸನ್ ನಡೆಸಿದ್ದಾಳೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಬೋಟು ದಡದಲ್ಲಿದ್ದಾಗ ಹಳೆಯ ಬಾಕಿಗಳನ್ನೆಲ್ಲ ಕೂತು ಹೊಂದಿಸಿದ್ದಾಳೆ. ನಾನು ಕೇಳುತ್ತಾ ಹೋದ ಹಾಗೆ ಇನ್ನೊಂದು ಸಂಗತಿ ಬಂತು. ಐಸ್ ಬಿಲ್ಲು ಮೂರು ಟ್ರಿಪ್ ಸತತವಾಗಿ ಸರಿಯಾಗಿ 200 ಬ್ಲಾಕ್ ಎಂದಿತ್ತಂತೆ. ಮೂರು ಸಲವೂ ಒಂದೇ ಸಂಖ್ಯೆ ಹೇಗೆ ಬರುತ್ತದೆ ಎಂದು ಅವಳಿಗೆ ಅನುಮಾನ. ನಾಲ್ಕನೇ ಸಲ ಐಸ್ ತುಂಬುವಾಗ ಬಂದರಿನ ದಕ್ಕೆಯಲ್ಲಿ ನಿಂತು, ಪುಡಿ ಮಾಡುವ ಯಂತ್ರಕ್ಕೆ ಹಾಕುವ ಒಂದೊಂದು ಬ್ಲಾಕಿಗೆ ನೋಟ್‌ಬುಕ್‌ನಲ್ಲಿ ಒಂದೊಂದು ಗೀಟು ಎಳೆದಳು. 176 ಬಂತು. ಜಗಳ ಮಾಡಲಿಲ್ಲ. ಗೀಟು ಹಾಕಿದ ಪುಟವನ್ನು ಬಿಲ್ಲಿನ ಪಕ್ಕ ಇಟ್ಟು ಮಾವನಿಗೆ ತೋರಿಸಿದಳು. ಮುಂದಿನ ಟ್ರಿಪ್ಪಿನಿಂದ ಎಣಿಸಿಯೇ ಬಿಲ್ಲು ಬರೆಯುವುದು ಎಂದಾಯಿತು.

"ಇದನ್ನು ಯಾಕೆ ಹೇಳಲಿಲ್ಲ?" ಎಂದೆ.

"ಅದು ಮನೆ ಕೆಲಸ ಅಲ್ವಾ ಸರ್?"

ಬ್ಯಾಂಕಿನಲ್ಲಿ ಸಾಲ ಕೊಡುವ ಅಧಿಕಾರಿ ದಿನವಿಡೀ ಮಾಡುವ ಕೆಲಸ ಇದೇ. ಕಾಗದದಲ್ಲಿ ಬರೆದದ್ದನ್ನು ಜಾಗಕ್ಕೆ ಹೋಗಿ ಎಣಿಸಿ ನೋಡುವುದು. ಅಂಗಡಿಯ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಮುನ್ನೂರು ಮೂಟೆ ಎಂದಿದ್ದರೆ ಗೋದಾಮಿನಲ್ಲಿ ಮುನ್ನೂರು ಇದೆಯಾ ಎಂದು ನೋಡುವುದು. ಇದನ್ನು ಕಲಿಯದೆ ಇಪ್ಪತ್ತು ವರ್ಷ ಸರ್ವಿಸ್ ಮಾಡಿದವರನ್ನೂ ನಾನು ಕಂಡಿದ್ದೇನೆ. ಈ ಹುಡುಗಿಗೆ ಅದು ಆಗಲೇ ಬಂದಿದೆ. ಬಯೋಡೇಟಾದಲ್ಲಿ ಮಾತ್ರ ಆ ಜಾಗ ಖಾಲಿ.

ಗ್ಯಾಪ್ ಯಾಕೆ ಎಂದು ಕೇಳುವವರ ಮನಸ್ಸಿನಲ್ಲಿರುವುದು ಇಷ್ಟೇ: ಈ ಸಮಯದಲ್ಲಿ ಇವರ ಕೈ ಮತ್ತು ತಲೆ ಓಡುತ್ತಿತ್ತಾ, ಕಟ್ಟಿಹೋಗಿತ್ತಾ? ಕಾಯಿಲೆ, ಸಾವು, ಮನೆಯ ಕಷ್ಟ ಏನಿದ್ದರೂ ಒಂದು ವಾಕ್ಯದಲ್ಲಿ ಹೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಎರಡನೇ ವಾಕ್ಯದಿಂದ ನೀವು ಮಾಡಿದ್ದನ್ನು ಹೇಳಿ. ಪರೀಕ್ಷೆಗೆ ಓದುತ್ತಾ ಕೂತಿದ್ದರೆ ಹಾಗೆಯೇ ಹೇಳಿ. ಎಷ್ಟು ಸಲ ಬರೆದಿರಿ, ಎಲ್ಲಿ ಸೋತಿರಿ, ಆಮೇಲೆ ಓದುವ ಕ್ರಮದಲ್ಲಿ ಏನು ಬದಲಿಸಿದಿರಿ ಎಂಬುದನ್ನೂ ಸೇರಿಸಿ. ಏನೋ ಕೋರ್ಸ್ ಮಾಡಿದೆ ಎಂದು ಸುಳ್ಳು ಹೇಳಿದರೆ ಅದರ ಮೇಲೆ ಇನ್ನೆರಡು ಪ್ರಶ್ನೆ ಬರುತ್ತವೆ. ಮೂರನೆಯದಕ್ಕೆ ಸಿಕ್ಕಿಬೀಳುತ್ತೀರಿ, ನಾನು ಅಂಚೆಚೀಟಿಗೆ ಸಿಕ್ಕಿಬಿದ್ದ ಹಾಗೆ.

ನಿಮ್ಮ ವೀಕ್‌ನೆಸ್ ಏನು ಎಂಬ ಪ್ರಶ್ನೆಗೆ ಎಲ್ಲರೂ ಹೆದರುತ್ತಾರೆ. ನಾವು ಪ್ಯಾನೆಲ್‌ನವರು ಈ ಪ್ರಶ್ನೆ ಕೇಳಿ ಕೇಳಿ ದಣಿದದ್ದು ಉತ್ತರಗಳಿಂದ. ಹತ್ತರಲ್ಲಿ ಏಳು ಜನ ಹೇಳುವುದು ಒಂದೇ, "ನಾನು ಪರ್ಫೆಕ್ಷನಿಸ್ಟ್ ಸರ್." ಇಲ್ಲದಿದ್ದರೆ, "ನಾನು ಜಾಸ್ತಿ ಕೆಲಸ ಮಾಡ್ತೇನೆ, ಅದೇ ನನ್ನ ವೀಕ್‌ನೆಸ್." ಇದು ಯೂಟ್ಯೂಬಿನಿಂದ ಬಂದದ್ದು ಎಂದು ಕೂತವರಿಗೆ ಆ ಕ್ಷಣವೇ ಗೊತ್ತಾಗುತ್ತದೆ.

ಒಬ್ಬ ಹುಡುಗ ಕೊಟ್ಟ ಉತ್ತರ ನನಗೆ ಇವತ್ತಿಗೂ ನೆನಪಿದೆ. "ಯಾರಾದರೂ ಸಹಾಯ ಕೇಳಿದರೆ ನನಗೆ ಇಲ್ಲ ಎನ್ನಲು ಬರುವುದಿಲ್ಲ. ಕಾಲೇಜಿನ ಫೆಸ್ಟ್‌ನಲ್ಲಿ ಮೂರು ಕಮಿಟಿಯ ಕೆಲಸ ಒಪ್ಪಿಕೊಂಡೆ. ಸ್ಟೇಜಿನ ಲೈಟಿಂಗ್‌ನವರಿಗೆ ಹೇಳಲು ಮರೆತೆ. ಕಾರ್ಯಕ್ರಮ ಒಂದು ಗಂಟೆ ತಡವಾಯಿತು. ಈಗ ಯಾರೇ ಕೆಲಸ ಹೇಳಿದರೂ ಮೊದಲು ಡೈರಿ ತೆಗೆದು ನೋಡುತ್ತೇನೆ, ಆಮೇಲೆ ಉತ್ತರ ಕೊಡುತ್ತೇನೆ." ಅಷ್ಟೇ. ತಪ್ಪು ನಿಜವಾದದ್ದು. ಅದರಿಂದ ಆದ ನಷ್ಟ ಕಣ್ಣಿಗೆ ಕಾಣುತ್ತದೆ. ತಿದ್ದಿಕೊಳ್ಳಲು ಅವನು ಮಾಡುತ್ತಿರುವುದೂ ಕಾಣುತ್ತದೆ. ಅವನ ಮೇಲೆ ನಮಗೆ ನಂಬಿಕೆ ಹುಟ್ಟಿತು. ಒಂದು ಎಚ್ಚರ ಇರಲಿ. ಕೆಲಸದ ಬುಡಕ್ಕೇ ಪೆಟ್ಟು ಕೊಡುವ ವೀಕ್‌ನೆಸ್ಸನ್ನು ಅಲ್ಲಿ ಹೇಳಬೇಡಿ. ಕ್ಯಾಶ್ ಎಣಿಸುವ ಕೆಲಸಕ್ಕೆ ಹೋಗಿ ನನಗೆ ಲೆಕ್ಕ ಆಗಿಬರುವುದಿಲ್ಲ ಎಂದರೆ ಅವರು ಏನು ಮಾಡಬೇಕು?

'ನಮ್ಮ ಸಂಸ್ಥೆಯೇ ಯಾಕೆ ಬೇಕು' ಎಂಬ ಪ್ರಶ್ನೆಯನ್ನು ಸುಲಭ ಎಂದು ಮಕ್ಕಳು ಅಲಕ್ಷ್ಯ ಮಾಡುತ್ತಾರೆ. ನಮ್ಮ ಜಿಲ್ಲೆಗಳ ಮಕ್ಕಳಿಗೆ ಇದಕ್ಕೆ ಉತ್ತರ ಮನೆಯಲ್ಲೇ ಇರುತ್ತದೆ. ಒಮ್ಮೆ ಯೋಚಿಸಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕ್ ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಶುರು ಮಾಡಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಬ್ಯಾಂಕ್. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಆ ಬೋರ್ಡುಗಳು ಇಳಿದ ದಿನ ನಮ್ಮಂಥವರ ಎದೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಾ ಕೂತರೆ ಈ ಬರಹ ಮುಗಿಯುವುದಿಲ್ಲ.

ಒಬ್ಬ ಹುಡುಗಿಗೆ ಈ ಪ್ರಶ್ನೆ ಕೇಳಿದಾಗ ಅವಳು ಬ್ಯಾಂಕಿನ ವಹಿವಾಟು ಎಷ್ಟು ಕೋಟಿ ಎಂದು ಶುರು ಮಾಡಲಿಲ್ಲ. "ನನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದರು. ಪಿಗ್ಮಿಯವರು ದಿನಾ ಸಂಜೆ ಬರುತ್ತಿದ್ದರು. ಅಜ್ಜಿ ಸೆರಗಿನ ಗಂಟಿನಿಂದ ಎರಡು ರೂಪಾಯಿ ತೆಗೆದು ಕೊಡುವುದನ್ನು ನೋಡಿದ್ದೇನೆ. ಆ ದುಡ್ಡಿನಲ್ಲಿ ಅಮ್ಮನ ಮದುವೆಯ ಬಳೆ ಆಯಿತಂತೆ. ಬ್ಯಾಂಕು ಅಂದರೆ ನನಗೆ ಮೊದಲು ಅದೇ ನೆನಪು" ಎಂದಳು. ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲೇ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿತ್ತು. ಆ ಹುಡುಗಿಗೆ ಆ ಇಸವಿ ಗೊತ್ತಿರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಪ್ಯಾನೆಲ್‌ನಲ್ಲಿದ್ದ ಉತ್ತರ ಭಾರತದ ಅಧಿಕಾರಿಯೊಬ್ಬರು ಪೆನ್ನು ಕೆಳಗಿಟ್ಟು ಅವಳ ಮಾತು ಕೇಳಿದರು.

ಐಟಿ ಕಂಪನಿಗೆ, ಆಸ್ಪತ್ರೆಗೆ, ಹೋಟೆಲಿಗೆ ಹೋಗುವವರಿಗೂ ಇದೇ ದಾರಿ. ಆ ಸಂಸ್ಥೆಯ ಕೆಲಸ ನಿಮ್ಮ ಬದುಕನ್ನು ಎಲ್ಲಿ ತಾಗಿದೆ ಎಂದು ಹುಡುಕಿ. ವೆಬ್‌ಸೈಟಿನ ಮೊದಲ ಪುಟವನ್ನು ಅವರಿಗೇ ಓದಿ ಹೇಳಬೇಡಿ.

'ಎಲ್ಲಿಗೆ ಹಾಕಿದರೂ ಹೋಗ್ತೀರಾ?' ಬ್ಯಾಂಕಿನ ಅಧಿಕಾರಿ ಹುದ್ದೆಗೆ ಇದು ತಪ್ಪದ ಪ್ರಶ್ನೆ. ಎಲ್ಲರೂ "ಖಂಡಿತ ಸರ್" ಎನ್ನುತ್ತಾರೆ. ಎರಡನೇ ಪ್ರಶ್ನೆ ಬರುತ್ತದೆ. "ಬಿಹಾರದ ಹಳ್ಳಿಗೆ ಹಾಕಿದರೆ?" ಆಗ ಮುಖ ಬದಲಾಗುತ್ತದೆ. ನನ್ನ ಮೊದಲ ಪೋಸ್ಟಿಂಗ್ ಉತ್ತರ ಪ್ರದೇಶದ ಒಂದು ಹಳ್ಳಿ. ಮೊದಲ ಆರು ತಿಂಗಳು ಕುಚ್ಚಲಕ್ಕಿಯ ಗಂಜಿ ನೆನೆದು ರಾತ್ರಿ ಅತ್ತಿದ್ದೇನೆ. ಹಾಗಾಗಿ ಈ ಪ್ರಶ್ನೆ ಕೇಳುವಾಗ ನನಗೆ ಬೇಕಿದ್ದದ್ದು ಮನೆಯಲ್ಲಿ ಕೂತು ಮೊದಲೇ ಯೋಚಿಸಿದ ಗುರುತು. "ಹಿಂದಿ ಓದಲು ಬರುತ್ತದೆ, ಮಾತು ಅಷ್ಟು ಬರುವುದಿಲ್ಲ, ಈಗ ಕಲಿಯುತ್ತಿದ್ದೇನೆ. ಮನೆಯಲ್ಲಿ ಅಮ್ಮನ ಹತ್ತಿರ ಮಾತಾಡಿದ್ದೇನೆ, ತಮ್ಮ ಊರಲ್ಲೇ ಇರುತ್ತಾನೆ." ಇಷ್ಟು ಹೇಳಿದರೆ ಸಾಕು. ಹೋಗಲು ಆಗುವುದೇ ಇಲ್ಲ ಎಂದಿದ್ದರೆ ಆ ಹುದ್ದೆಗೆ ಅರ್ಜಿ ಹಾಕುವ ಮೊದಲೇ ಯೋಚಿಸಿ. ಸುಳ್ಳು ಹೇಳಿ ಸೇರಿ, ಆರೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಬಂದವರ ಸಂಕಟವನ್ನೂ ನೋಡಿದ್ದೇನೆ.

ಇನ್ನು ಉತ್ತರವೇ ಗೊತ್ತಿಲ್ಲದ ಪ್ರಶ್ನೆ. ಗೊತ್ತಿಲ್ಲ ಎನ್ನಬಹುದಾ ಎಂದು ಎಲ್ಲರೂ ಗುಟ್ಟು ಕೇಳುವ ಹಾಗೆ ಕೇಳುತ್ತಾರೆ. ಧಾರಾಳವಾಗಿ ಅನ್ನಬಹುದು. ಆದರೆ ಅಲ್ಲಿಗೇ ಬಾಯಿ ಮುಚ್ಚಬೇಡಿ. ಸಿಆರ್‌ಆರ್ ಹೆಚ್ಚಿಸಿದರೆ ಏನಾಗುತ್ತದೆ ಎಂದು ಕೇಳಿದರು ಎನ್ನಿ. ನಿಮಗೆ ಪೂರ್ತಿ ಗೊತ್ತಿಲ್ಲ. "ನಿಖರವಾಗಿ ಗೊತ್ತಿಲ್ಲ ಸರ್. ಬ್ಯಾಂಕುಗಳು ತಮ್ಮ ಠೇವಣಿಯ ಒಂದು ಪಾಲನ್ನು ಆರ್‌ಬಿಐನಲ್ಲಿ ಇಡಬೇಕು ಎಂಬುದು ಗೊತ್ತು. ಆ ಪಾಲು ಹೆಚ್ಚಾದರೆ ಸಾಲ ಕೊಡಲು ಉಳಿಯುವ ಹಣ ಕಡಿಮೆ ಆಗಬೇಕು ಅನಿಸುತ್ತದೆ." ಗೊತ್ತಿದ್ದದ್ದು ಎಲ್ಲಿಗೆ ನಿಂತಿತು, ಊಹೆ ಎಲ್ಲಿಂದ ಶುರುವಾಯಿತು ಎಂದು ಇಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಕೌಂಟರಿನಲ್ಲಿ ಗಿರಾಕಿ ಬಂದು ಕೇಳಿದಾಗ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳದವರು ನಮಗೆ ಬೇಕು. ಅಂಥ ಒಂದು ತಪ್ಪು ಮಾತಿನಿಂದ ಯಾರದೋ ಠೇವಣಿ, ಯಾರದೋ ಮನೆ ಸಾಲ ಹಾಳಾಗುತ್ತದೆ.

ಉತ್ತರಕ್ಕೆ ಮೊದಲು ಐದು ಸೆಕೆಂಡ್ ಸುಮ್ಮನಿದ್ದರೂ ತೊಂದರೆ ಇಲ್ಲ. "ಒಂದು ನಿಮಿಷ ಯೋಚಿಸಲಾ ಸರ್?" ಎಂದು ಕೇಳಿದವರಿಗೆ ನಾನು ಒಂದು ಅಂಕವನ್ನೂ ಕಡಿಮೆ ಮಾಡಿಲ್ಲ.

ಸಂಬಳದ ಪ್ರಶ್ನೆ ಸರ್ಕಾರಿ ಬ್ಯಾಂಕಿನಲ್ಲಿ ಬರುವುದಿಲ್ಲ, ಅಲ್ಲಿ ಎಲ್ಲರಿಗೂ ಒಂದೇ ಸ್ಕೇಲ್. ಖಾಸಗಿ ಕಂಪನಿಯಲ್ಲಿ "ಎಷ್ಟು ನಿರೀಕ್ಷೆ?" ಎಂದು ಕೇಳುತ್ತಾರೆ. ಮಕ್ಕಳು ನಾಚಿ "ನೀವು ಕೊಟ್ಟಷ್ಟು" ಎನ್ನುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಮೊದಲು ಸಿಟಿಸಿ ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ ಎಂಬುದು ತಿಳಿದಿರಲಿ. ವರ್ಷಕ್ಕೆ 4 ಲಕ್ಷ ಎಂದರು ಎನ್ನಿ. ತಿಂಗಳಿಗೆ 33,333 ರೂಪಾಯಿ. ಮೂಲ ವೇತನ 15,000 ಇದ್ದರೆ ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 1,800 ರೂಪಾಯಿ, ಅದರಲ್ಲೇ ಸೇರಿರುತ್ತದೆ. ಗ್ರಾಚ್ಯುಟಿಗೆ ಶೇ. 4.81 ಲೆಕ್ಕದಲ್ಲಿ ಸುಮಾರು 720. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,800. ವೃತ್ತಿ ತೆರಿಗೆ 200. ಕೈಗೆ ಉಳಿಯುವುದು ಸುಮಾರು 28,800. ಅದೇ 4 ಲಕ್ಷದೊಳಗೆ 'ವೇರಿಯೇಬಲ್ ಪೇ', ಅಂದರೆ ಕೆಲಸ ನೋಡಿ ಆಮೇಲೆ ಕೊಡುವ ಹಣ, ಎಂದು ಒಂದು ಭಾಗ ಇಟ್ಟಿದ್ದರೆ ಇನ್ನೂ ಕಡಿಮೆ. ಈ ಲೆಕ್ಕ ಮನೆಯಲ್ಲೇ ಹಾಕಿ, ಅದೇ ಕೆಲಸದಲ್ಲಿರುವ ಇಬ್ಬರನ್ನು ವಿಚಾರಿಸಿ. ಆಮೇಲೆ ಇಷ್ಟರಿಂದ ಇಷ್ಟು ಎಂದು ಸ್ಪಷ್ಟವಾಗಿ ಹೇಳಿ. ಕೈಗೆ ಎಷ್ಟು ಬರುತ್ತದೆ ಎಂದು ವಿನಯದಿಂದ ಕೇಳುವುದು ನಿಮ್ಮ ಹಕ್ಕು.

ಹಳೆಯ ಕೆಲಸ ಯಾಕೆ ಬಿಟ್ಟಿರಿ ಎಂದರೆ ಹೊಸದರಲ್ಲಿ ಏನು ಕಲಿಯಬೇಕೆಂದಿದ್ದೀರಿ ಎಂಬುದನ್ನು ಹೇಳಿ. ಹಳೆಯ ಬಾಸನ್ನು ಬೈಯಬೇಡಿ. ಮಂಗಳೂರು, ಉಡುಪಿ ಎರಡೂ ಸೇರಿದರೂ ಸಣ್ಣ ಜಾಗ. ಮೇಜಿನ ಆ ಕಡೆ ಕೂತವರು ನಿಮ್ಮ ಹಳೆಯ ಬಾಸಿನ ಭಾವನೇ ಆಗಿರಬಹುದು.

ಈಗ ನನಗೆ ಹೇಳಲು ಕಷ್ಟವಾಗುವ ಒಂದು ವಿಷಯ. "ಮದುವೆ ಆದ ಮೇಲೆ ಕೆಲಸ ಬಿಡ್ತೀರಾ?" ಹೆಣ್ಣುಮಕ್ಕಳಿಗೆ ಇಂದಿಗೂ ಈ ಪ್ರಶ್ನೆ ಬರುತ್ತದೆ. ಒಮ್ಮೆ ನಾನು ಕೂತಿದ್ದ ಪ್ಯಾನೆಲ್‌ನಲ್ಲೇ ಒಬ್ಬ ಸದಸ್ಯರು ಕೇಳಿದರು. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಆ ನೋಟ ನನಗೆ ಈಗಲೂ ನೆನಪಾಗುತ್ತದೆ. ಆ ಪ್ರಶ್ನೆ ಬೇಡ ಎಂದು ನಾನು ಅಲ್ಲೇ ಹೇಳಬೇಕಿತ್ತು. ನೇಮಕದಲ್ಲಿ ಗಂಡು ಹೆಣ್ಣು ಎಂಬ ಭೇದ ಮಾಡಬಾರದು ಎಂಬ ಕಾನೂನು ನಮ್ಮ ದೇಶದಲ್ಲಿ 1976ರಲ್ಲೇ ಬಂದಿದೆ. 26 ವಾರಗಳ ಹೆರಿಗೆ ರಜೆ 2017ರಿಂದ ಇದೆ. ಅದು ಕಂಪನಿ ಮಾಡುವ ಉಪಕಾರವಲ್ಲ. ಆ ದಿನದ ನಂತರ ನಾನಿದ್ದ ಪ್ಯಾನೆಲ್‌ಗಳಲ್ಲಿ ಒಳಗೆ ಹೋಗುವ ಮೊದಲೇ ಆ ಪ್ರಶ್ನೆ ಬೇಡ ಎಂದು ಹೇಳಿ ಕೂರುತ್ತಿದ್ದೆ.

ಆದರೂ ನಿಮಗೆ ಯಾರಾದರೂ ಕೇಳಿದರೆ ಮನೆಯ ವಿವರಕ್ಕೆ ಇಳಿಯಬೇಡಿ. "ನಾನು ಈ ಕೆಲಸಕ್ಕೆ ದೀರ್ಘಕಾಲ ಯೋಚಿಸಿಯೇ ಬಂದಿದ್ದೇನೆ. ಕೆಲಸದ ಸಮಯ, ವರ್ಗಾವಣೆ ಎರಡಕ್ಕೂ ಸಿದ್ಧ ಇದ್ದೇನೆ" ಎಂದು ಅವರ ಕಣ್ಣು ನೋಡಿ ಹೇಳಿ ನಿಲ್ಲಿಸಿ. ಪದೇ ಪದೇ ಅದನ್ನೇ ಕೆದಕುವ ಕಡೆ ಕೆಲಸ ಸಿಕ್ಕರೂ ಎರಡು ಸಲ ಯೋಚಿಸಿ.

ಮ್ಯಾನೇಜರ್ ನಿಯಮ ಮೀರಿ ಏನಾದರೂ ಮಾಡಲು ಹೇಳಿದರೆ ಏನು ಮಾಡ್ತೀರಿ ಎಂಬುದೂ ಕಷ್ಟದ ಪ್ರಶ್ನೆಯೇ. ಕೂಡಲೇ ದೂರು ಕೊಡುತ್ತೇನೆ ಎಂದರೂ, ಹೇಳಿದ ಹಾಗೆ ಮಾಡುತ್ತೇನೆ ಎಂದರೂ ಮುಂದೆ ಹೋಗಲು ದಾರಿ ಇರುವುದಿಲ್ಲ. ಮೊದಲು ನನಗೆ ನಿಯಮ ಸರಿಯಾಗಿ ಅರ್ಥವಾಗಿದೆಯಾ ಎಂದು ಸರ್ಕ್ಯುಲರ್ ನೋಡುತ್ತೇನೆ, ಅವರಲ್ಲೇ ಕೇಳುತ್ತೇನೆ, ಆಮೇಲೂ ಮಾಡು ಎಂದರೆ ಬರವಣಿಗೆಯಲ್ಲಿ ಕೊಡಿ ಎನ್ನುತ್ತೇನೆ, ಅದೂ ಆಗದಿದ್ದರೆ ಮೇಲಿನವರಿಗೆ ತಿಳಿಸುತ್ತೇನೆ. ಈ ಕ್ರಮ ಗೊತ್ತಿದ್ದವರು ಕಡಿಮೆ.

ಇಂಗ್ಲಿಷ್ ಬಗ್ಗೆಯೂ ಹೇಳಬೇಕು. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಾಪ್ರ ಕನ್ನಡವೋ ಮಾತಾಡುತ್ತಾರೆ. ಶಾಲೆಯಲ್ಲಿ ಕನ್ನಡ, ಇಂಟರ್ವ್ಯೂನಲ್ಲಿ ಇಂಗ್ಲಿಷ್. ಅದು ಅವರ ಮೂರನೇ ಭಾಷೆ. ಅದರಲ್ಲಿ ತಡವರಿಸಿದರೆ ಅವಮಾನ ಏನಿದೆ? ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿ. ಬಾಯಿಪಾಠದ ದೊಡ್ಡ ವಾಕ್ಯ ಅರ್ಧದಲ್ಲಿ ಮರೆತರೆ ಮತ್ತೆ ಎದ್ದು ನಿಲ್ಲುವುದು ಕಷ್ಟ. ನಿಮ್ಮ ಕಣ್ಣಾರೆ ಕಂಡದ್ದನ್ನು ಹೇಳುವಾಗ ಶಬ್ದ ತಪ್ಪಿದರೂ ಸಂಗತಿ ತಪ್ಪುವುದಿಲ್ಲ.

ಹಾಗಾದರೆ ಆ ನಾಲ್ಕೈದು ಸಂಗತಿಗಳನ್ನು ಹುಡುಕುವುದು ಹೇಗೆ? ಒಂದು ಸಂಜೆ ನೋಟ್‌ಬುಕ್ ಹಿಡಿದು ಕೂರಿ. ನಿಮ್ಮಿಂದ ಏನೋ ಸರಿಹೋದ ಒಂದು ದಿನ, ನಿಮ್ಮಿಂದಲೇ ಏನೋ ಕೆಟ್ಟ ಒಂದು ದಿನ, ಯಾರ ಜೊತೆಗೋ ಜಗಳ ಆಗಿ ಆಮೇಲೆ ಒಟ್ಟಿಗೆ ಕೆಲಸ ಮಾಡಿದ ಒಂದು ದಿನ, ಏನೂ ಗೊತ್ತಿಲ್ಲದೆ ಶುರು ಮಾಡಿ ಕಲಿತ ಒಂದು ಕೆಲಸ. ಜಾತ್ರೆಯ ಅನ್ನಸಂತರ್ಪಣೆಯಲ್ಲಿ ಬಡಿಸುವವರ ಸಾಲು ನಿಲ್ಲಿಸಿದ್ದು ಆಗುತ್ತದೆ. ಅಪ್ಪನ ಅಂಗಡಿಯ ಜಿಎಸ್‌ಟಿ ಬಿಲ್ಲು ಮಾಡಿದ್ದು ಆಗುತ್ತದೆ. ಪ್ರತಿಯೊಂದರಲ್ಲೂ ಆಗ ಪರಿಸ್ಥಿತಿ ಏನಿತ್ತು, ನಿಮ್ಮ ಪಾಲಿಗೆ ಬಂದ ಕೆಲಸ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು ಎಂದು ಬರೆಯಿರಿ. 'ನಾವು ಮಾಡಿದೆವು' ಎಂದು ಬರೆದ ಕಡೆಯೆಲ್ಲ ನಿಲ್ಲಿಸಿ, ಅದರಲ್ಲಿ 'ನಾನು' ಮಾಡಿದ್ದು ಎಷ್ಟು ಎಂದು ಕೇಳಿಕೊಳ್ಳಿ. ನಮ್ಮ ಮಕ್ಕಳಿಗೆ ಅತಿ ಕಷ್ಟವಾಗುವುದು ಈ 'ನಾನು'. ಜಂಬ ಆಗುತ್ತದೆಯೋ ಎಂಬ ಹೆದರಿಕೆ. ಆದದ್ದನ್ನು ಆದಷ್ಟೇ ಹೇಳಿದರೆ ಜಂಬ ಆಗುವುದಿಲ್ಲ. ಬರೆದ ಮೇಲೆ ಯಾರಾದರೊಬ್ಬರ ಎದುರು ಜೋರಾಗಿ ಹೇಳಿ, ಎರಡು ನಿಮಿಷ ಮೀರದ ಹಾಗೆ.

ಪಿಒ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ ಶೇ. 80, ಇಂಟರ್ವ್ಯೂಗೆ ಶೇ. 20 ತೂಕ. ಇಂಟರ್ವ್ಯೂನ 100 ಅಂಕದಲ್ಲಿ 40, ಮೀಸಲು ವರ್ಗದವರಿಗೆ 35 ಬಂದರೆ ಪಾಸು. ಇಂಟರ್ವ್ಯೂ ಒಂದರಿಂದಲೇ ಎಲ್ಲ ಹೋಗುವುದಿಲ್ಲ ಎಂದು ಈ ಲೆಕ್ಕ ತೋರಿಸಿ ನಾನು ಹೇಳುತ್ತಿರುತ್ತೇನೆ. ಕ್ಲರ್ಕ್ ಹುದ್ದೆಗಂತೂ ಈಗ ಇಂಟರ್ವ್ಯೂವೇ ಇಲ್ಲ.

ಬೋಟಿನ ಲೆಕ್ಕದ ಹುಡುಗಿ ಆಮೇಲೆ ಆರು ಭಾನುವಾರ ಬಂದಳು. ಪ್ರತಿ ಸಲ ಅದೇ ಪ್ರಶ್ನೆ ಕೇಳಿದೆ. ಎರಡನೇ ವಾರ "ಮನೆಯ ಬೋಟಿನ ಲೆಕ್ಕ ಸ್ವಲ್ಪ ನೋಡಿಕೊಂಡೆ" ಎಂದಳು. ನಾಲ್ಕನೇ ವಾರ 'ಸ್ವಲ್ಪ' ಹೋಯಿತು. ಆರನೇ ವಾರ ಗೀಟು ಎಳೆದ ಆ ನೋಟ್‌ಬುಕ್ಕನ್ನೇ ತಂದಿದ್ದಳು. ಪುಟದ ಅಂಚಿನಲ್ಲಿ ಮೀನಿನ ನೀರು ತಾಗಿ ಶಾಯಿ ಹರಡಿತ್ತು. ಐದೈದು ಗೀಟಿನ ಕಟ್ಟುಗಳು, ಕೊನೆಯಲ್ಲಿ ಒಂಟಿ ಒಂದು ಗೀಟು.

ಮುಖ್ಯ ಪರೀಕ್ಷೆ ಪಾಸಾಗಿ ಇಂಟರ್ವ್ಯೂ ಮುಗಿಸಿದ ದಿನ ಸಂಜೆ ಅವಳ ಫೋನ್ ಬಂತು. ಫಲಿತಾಂಶಕ್ಕೆ ಇನ್ನೂ ತುಂಬ ದಿನ ಇತ್ತು. ಹೇಗಾಯಿತು ಎಂದು ನಾನು ಕೇಳುವ ಮೊದಲೇ ಶುರು ಮಾಡಿದಳು. ಮಳೆಯ ಸದ್ದಿಗೆ ಕೇಳದ ಆ ದನಿ ಅವತ್ತು ಗಟ್ಟಿಯಾಗಿತ್ತು.

"ಸರ್, ಅವರು ಐಸಿನ ರೇಟ್ ಎಷ್ಟು ಅಂತ ಕೇಳಿದ್ರು."